ಮೂರೋ ಎಂಟೋ

ನನ್ನ ಹಳೆಯ ಕಚೇರಿಯ ಇಮ್ತಿಯಾಜ್ ಭಾಯಿ ಫೋನ್ ಮಾಡಿದ್ದರು. ಶಿವಾಜಿನಗರದ ಅವರ ಮನೆಯ ಕೆಳಗೆ ಯಾರೋ ಅಂಗಡಿಯ ಶಟರ್ ಎಳೆಯುವ ಸದ್ದು ಮೊದಲು ಕೇಳಿಸಿತು. ಆಮೇಲೆ, "ನಮ್ ಸರ್ ಹೋಗ್ಬಿಟ್ರು ಮೇಡಂ. ಬೆಳಗ್ಗೆ ಕಾಫಿ ಕುಡ್ದು ಕೂತಿದ್ರಂತೆ, ಕೂತಂಗೇ ಹೋಗ್ಬಿಟ್ರು," ಎಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಜೀವನ್ ಬಿಮಾ ನಗರದ ಸರ್ ಮನೆಗೆ ಹೋಗಿದ್ದಾಗ, ಅವರ ಬಗ್ಗೆ ನಾಲ್ಕು ಮಾತು ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದೆ. ಅವರು ಕುಂಕುಮವಿಲ್ಲದ ಹಣೆಯನ್ನು ಸೆರಗಿನಿಂದ ಒರೆಸಿಕೊಂಡು, "ಬರಿಯಮ್ಮಾ. ಆದ್ರೆ ಹೆಸರು ಬೇಡ. ಬರೀ ಒಳ್ಳೇದನ್ನೇ ಬರೆಯೋದಾದ್ರೆ ಅದೂ ಬೇಡ," ಎಂದರು. ಮನೆಯಲ್ಲಿ ತಮಿಳು ಆಡುವ ಅವರ ಕನ್ನಡದಲ್ಲಿ ಸುತ್ತುಬಳಸು ಇರುತ್ತಿರಲಿಲ್ಲ. ಹಾಗಾಗಿ ಇಲ್ಲಿ ಅವರು ಬರೀ ಸರ್. ಕಚೇರಿಯಲ್ಲೂ ಹಾಗೇ ಇದ್ದರು.

ಇಂದಿರಾನಗರದ ಎಂಬತ್ತಡಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಕಚೇರಿ ಇತ್ತು. ಕಾರ್ಖಾನೆಗಳಲ್ಲಿ ಭಾರ ಎತ್ತುವ ಯಂತ್ರಗಳಿಗೆ ಡ್ರಾಯಿಂಗ್ ಮಾಡಿಕೊಡುವ ಕಂಪನಿ ಅದು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಗುಲ್ಬರ್ಗಾದಿಂದ ಬಂದು ಅಲ್ಲಿ ಪತ್ರವ್ಯವಹಾರದ ಕೆಲಸಕ್ಕೆ ಸೇರಿದೆ. ಇಂಗ್ಲಿಷ್ ಪತ್ರ ಟೈಪ್ ಮಾಡುವುದು, ಫ್ಯಾಕ್ಸ್ ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ನನ್ನ ಮೇಜು ಇದ್ದದ್ದು ಸರ್ವರ್ ರೂಮಿನ ಬಾಗಿಲ ಪಕ್ಕದಲ್ಲಿ. ಬಾಗಿಲು ತೆರೆದಾಗಲೆಲ್ಲ ಒಳಗಿನ ಏಸಿಯ ತಣ್ಣನೆ ಗಾಳಿ ಕಾಲಿಗೆ ಬಡಿಯುತ್ತಿತ್ತು. ಆ ರೂಮಿನ ಒಡೆಯರು ಸರ್.

ಮೊದಲ ದಿನವೇ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ನಮಸ್ಕಾರ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ನನ್ನ ಕಿವಿಯಾಚೆ ಇರುವ ಗೋಡೆಯ ಜೊತೆ ಮಾತಾಡುವವರಂತೆ, "ಎಲ್ಲಿಯವರು?" ಎಂದರು. ಗುಲ್ಬರ್ಗಾ ಎಂದೆ. "ಸರಿ, ಗುಲ್ಬರ್ಗಾ ಮೇಡಂ," ಎಂದು ಒಳಗೆ ಹೋದರು. ಮುಂದೆ ಎಷ್ಟೋ ಸಲ ರಸ್ತೆಯಲ್ಲಿ ಎದುರಿಗೇ ಸಿಕ್ಕಿದರೂ ಗುರುತಿಲ್ಲದವರಂತೆ ದಾಟಿ ಹೋಗುತ್ತಿದ್ದರು. ನಾನಾಗಿ ಮಾತಾಡಿಸಿದರೆ ಮಾತ್ರ ನಿಲ್ಲುತ್ತಿದ್ದರು. ಡ್ರಾಯಿಂಗ್ ಹಾಲಿನಲ್ಲಿ ಅವರಿಗೆ ದುರಹಂಕಾರಿ ಎಂಬ ಹೆಸರು ಗಟ್ಟಿಯಾಗಿತ್ತು.

ಕೆಲಸದಲ್ಲಿ ಮಾತ್ರ ಯಾರೂ ಅವರ ಮೇಲೆ ಬೆರಳು ತೋರಿಸುವಂತಿರಲಿಲ್ಲ. ಕಂಪನಿಯಲ್ಲಿ ನಾಲ್ಕೇ ಕಂಪ್ಯೂಟರ್ ಇದ್ದ ಕಾಲದಲ್ಲಿ ಗೋಡೆ ಕೊರೆದು ಕೇಬಲ್ ಎಳೆದವರು ಅವರು ಮತ್ತು ಇಮ್ತಿಯಾಜ್ ಭಾಯಿ. ಭಾಯಿ ಡ್ರಾಫ್ಟ್ಸ್‌ಮನ್. ಬಿಡುವಾದಾಗ ಏಣಿ ಹಿಡಿಯಲು ಬರುತ್ತಿದ್ದವರು ಹಾಗೇ ಸ್ನೇಹಿತರಾದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದರು, ದಖನಿ ಉರ್ದುವಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ಯಾರಾದರೂ "ಸರ್ವರ್ ಕೆಟ್ಟಿದೆ ಸರ್" ಎಂದು ಬಂದರೆ ಅವರು ಕೆರಳುತ್ತಿದ್ದರು. "ಕೆಟ್ಟಿದೆ ಅನ್ನೋದು ನಾನು ಹೇಳೋ ಮಾತು. ನೀವು ಏನಾಯ್ತು ಅಂತ ಹೇಳಿ. ಅದಕ್ಕೆ ಮುಂಚೆ ಏನಾಯ್ತು? ಅದಕ್ಕೂ ಮುಂಚೆ?" ಹೀಗೆ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಒಂದು ಸಲ ಇಂಥ ವಿಚಾರಣೆ ಮುಗಿಯುವ ಹೊತ್ತಿಗೆ ಹುಡುಗಿಯೊಬ್ಬಳು ಅತ್ತೇ ಬಿಟ್ಟಿದ್ದಳು. ಸರ್ ಅವಳಿಗೆ ಕಾಫಿ ತರಿಸಿಕೊಟ್ಟರು, ಆದರೆ ಪ್ರಶ್ನೆ ನಿಲ್ಲಿಸಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದಾಗ ಕಂಪನಿಗೆ ಹೊಸ ಸ್ಟೋರೇಜ್ ಸರ್ವರ್ ಬಂತು. ನಾವೆಲ್ಲ ಅದನ್ನು ಪೆಟ್ಟಿಗೆ ಎನ್ನುತ್ತಿದ್ದೆವು. ಎಲ್ಲ ಡ್ರಾಯಿಂಗ್‌ಗಳೂ ಆ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಹಾಲಿನಲ್ಲಿ ಯಾರು ಯಾವ ಕಂಪ್ಯೂಟರಿನಿಂದ ತೆರೆದರೂ ಅಲ್ಲಿಂದಲೇ ಬರಬೇಕು, ತಿದ್ದಿದ ಮೇಲೆ ಅಲ್ಲಿಗೇ ಹೋಗಬೇಕು. ಸರ್ ಅದನ್ನು ತಾವೇ ಕೂತು ಹೊಂದಿಸಿದರು. ಎರಡು ವಾರ ಎಲ್ಲ ಸರಿಯಾಗಿತ್ತು.

ಬೇಸಿಗೆ ಬಂತು, ಕರೆಂಟ್ ಹೋಗುವುದು ಶುರುವಾಯಿತು, ಅದರ ಜೊತೆಗೆ ಕಾಟವೂ ಶುರುವಾಯಿತು. ಬೆಳಗ್ಗೆ ತಿದ್ದಿಟ್ಟ ಡ್ರಾಯಿಂಗ್ ಸಂಜೆ ತೆರೆದರೆ ಹಳೆಯದೇ ಇರುತ್ತಿತ್ತು. ಒಬ್ಬರ ಇಡೀ ದಿನದ ಕೆಲಸ ಮಾಯ. ಇನ್ನೊಬ್ಬರದ್ದು ಅರ್ಧ ಮಾಯ. ಕೆಲವು ದಿನ ಏನೂ ತೊಂದರೆ ಇಲ್ಲ, ಮತ್ತೆ ಒಂದು ದಿನ ಇದ್ದಕ್ಕಿದ್ದಂತೆ ಅದೇ ಗೋಳು.

ಏನಾಗುತ್ತಿದೆ ಎಂದು ಸರ್ ನನಗೆ ಆಮೇಲೆ ವಿವರಿಸಿದರು. ನಾನಾಗ ಹಲಸೂರಿನ ಒಂದು ವಠಾರದಲ್ಲಿದ್ದೆ. ಅಲ್ಲಿ ಎಲ್ಲ ಮನೆಗಳಿಗೂ ಒಂದೇ ಬಚ್ಚಲು. ಒಳಗೆ ಹೋದವರು ಚಿಲಕ ಹಾಕಿಕೊಳ್ಳುತ್ತಾರೆ, ಹೊರಗಿನವರು ಕಾಯುತ್ತಾರೆ. ಪೆಟ್ಟಿಗೆಯಲ್ಲಿ ಆ ಚಿಲಕದ ಕೆಲಸಕ್ಕೇ ಒಂದು ಸರ್ವಿಸ್, ಅಂದರೆ ಒಳಗೇ ಓಡುತ್ತಿರುವ ಒಂದು ಸಣ್ಣ ಪ್ರೋಗ್ರಾಮ್ ಇತ್ತು. ಒಬ್ಬರು ಡ್ರಾಯಿಂಗ್ ತೆರೆದರೆ ಇನ್ನೊಬ್ಬರಿಗೆ ಕಾಯಿರಿ ಎಂದು ಹೇಳುವುದು ಅದರ ಕೆಲಸ. ಆ ಸರ್ವಿಸ್ ಕೆಲವು ದಿನ ಸದ್ದಿಲ್ಲದೆ ಸತ್ತು ಬಿದ್ದಿರುತ್ತಿತ್ತು. ಆಗ ಇಬ್ಬರು ಒಂದೇ ಡ್ರಾಯಿಂಗನ್ನು ತೆರೆದು ತಿದ್ದುತ್ತಿದ್ದರು. ಕೊನೆಗೆ ಸೇವ್ ಮಾಡಿದವರದ್ದು ಉಳಿಯುತ್ತಿತ್ತು, ಮೊದಲಿನವರದ್ದು ಹೇಳದೆ ಕೇಳದೆ ಹೋಗುತ್ತಿತ್ತು.

"ಯಾಕೆ ಸಾಯತ್ತೆ ಸರ್?"

"ಅದು ಗೊತ್ತಾಗಿದ್ರೆ ನಿಮ್ಮ ಹತ್ರ ಕಥೆ ಹೇಳ್ತಾ ಕೂತಿರ್ತಿದ್ನಾ?"

ಆ ದಿನಗಳಲ್ಲೇ ಅವರು ನನ್ನನ್ನು ಮೊದಲ ಸಲ ಒಳಗೆ ಕರೆದದ್ದು. ಎಲ್ಲರೂ ಊಟಕ್ಕೆ ಹೋಗಿದ್ದರು. "ಗುಲ್ಬರ್ಗಾ ಮೇಡಂ, ಚಷ್ಮಾ ಮನೇಲಿ ಬಿಟ್ಟು ಬಂದಿದೀನಿ. ಇದನ್ನ ಸ್ವಲ್ಪ ಓದಿ ಹೇಳ್ತೀರಾ?" ಪರದೆಯ ಮೇಲೆ ಸಾಲು ಸಾಲು ಇಂಗ್ಲಿಷ್. ಪೆಟ್ಟಿಗೆ ತನಗೆ ಏನೇನಾಯಿತು ಎಂದು ತಾನೇ ಬರೆದಿಟ್ಟುಕೊಂಡದ್ದು. ಅರ್ಥವಾಗದಿದ್ದರೂ ಅಕ್ಷರ ತಪ್ಪದೆ ಓದಿದೆ. ಮರುದಿನವೂ ಚಷ್ಮಾ ಮರೆತಿದ್ದರು. ಮೂರನೆಯ ದಿನ ಚಷ್ಮಾ ಅವರ ಜೇಬಿನಲ್ಲೇ ಕಾಣುತ್ತಿತ್ತು.

"ಸರ್, ಚಷ್ಮಾ ಜೇಬಲ್ಲಿದೆ."

ಅವರು ಕೈಯಿಂದ ಜೇಬನ್ನು ಮುಟ್ಟಿ ನೋಡಿಕೊಂಡರು. ತಲೆಯನ್ನು ಎಂದಿನಂತೆ ಪಕ್ಕಕ್ಕೆ ತಿರುಗಿಸಿದರು. "ಈಗ ನಿಮ್ಮ ಕಡೆ ನೇರವಾಗಿ ನೋಡ್ತೀನಿ. ಆಗ ನಿಮ್ಮ ಮುಖ ಇರೋ ಜಾಗದಲ್ಲಿ ಏನೂ ಇರಲ್ಲ. ಒಂದು ಮಬ್ಬು, ಒದ್ದೆ ಬಟ್ಟೇಲಿ ಒರೆಸಿದ ಸ್ಲೇಟ್ ಥರ. ಪಕ್ಕಕ್ಕೆ ತಿರುಗಿದ್ರೆ ಓರೆಯಲ್ಲಿ ಅಷ್ಟಿಷ್ಟು ಕಾಣತ್ತೆ. ಸೀರೆ ಬಣ್ಣ ಕಾಣತ್ತೆ. ಮುಖ ಮಾತ್ರ ಯಾವತ್ತೂ ಕಂಡಿಲ್ಲ," ಎಂದರು.

ಕಣ್ಣಿನ ಒಳಪರದೆಯ ನಡುಭಾಗ ಸವೆದು ಹೋಗುವ ಕಾಯಿಲೆ. ಔಷಧ ಇಲ್ಲ, ಆಪರೇಷನ್ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಇಮ್ತಿಯಾಜ್ ಭಾಯಿಗೂ ಸಹ. ದುರಹಂಕಾರಿ ಎನ್ನುವುದು ಅವರ ಕಿವಿಗೂ ಬಿದ್ದಿತ್ತು. "ಅನ್ನಲಿ ಬಿಡಿ. ಕುರುಡ ಅನ್ನೋದಕ್ಕಿಂತ ವಾಸಿ," ಎಂದರು.

"ಮಾಲೀಕರಿಗೆ ಹೇಳಬಹುದಲ್ಲ ಸರ್?"

"ಹೇಳಿದ್ರೆ ಈ ರೂಮಿನ ಕೀ ಕೇಳ್ತಾರೆ. ಕೀ ಕೊಟ್ಟು ನಾನು ಎಲ್ಲಿಗೆ ಹೋಗ್ಲಿ? ಇದು ಬಿಟ್ರೆ ನಂಗೆ ಇನ್ನೇನು ಬರತ್ತೆ ಹೇಳಿ." ಜೇಬಿನಲ್ಲಿದ್ದ ಕೀಯನ್ನು ಮುಟ್ಟಿಕೊಂಡರು. "ಈ ಕಾಟ ಒಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

ಹಾಗೆ ನಮ್ಮ ಓದು ಶುರುವಾಯಿತು. ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಸ್ವೆಟರ್ ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ನಿಲ್ಸಿ. ಇನ್ನೊಂದ್ಸಲ." "ಮುಂದೆ." ಅವರ ಬೆರಳುಗಳು ಕೀಬೋರ್ಡ್ ಮೇಲೆ ಮಾತ್ರ ಯಾರ ಸಹಾಯವೂ ಇಲ್ಲದೆ ಓಡಾಡುತ್ತಿದ್ದವು. ಮೊದಲು ವೈರಸ್ ಹುಡುಕುವ ಸರ್ವಿಸ್ ಮೇಲೆ ಅನುಮಾನ ಪಟ್ಟು ಅದನ್ನು ನಿಲ್ಲಿಸಿದರು. ಎರಡು ದಿನ ಸರಿಯಿತ್ತು. ನಾವಿಬ್ಬರೂ ಖುಷಿಯಾದೆವು. ಮೂರನೆಯ ದಿನ ಮತ್ತೆ ಒಬ್ಬರ ಕೆಲಸ ಮಾಯವಾಯಿತು. ನೆಟ್‌ವರ್ಕ್ ಸ್ವಿಚ್ ಬದಲಿಸಿದರು, ಕೇಬಲ್ ಬದಲಿಸಿದರು, ಹೊಸ ಸಾಫ್ಟ್‌ವೇರ್ ತೆಗೆದು ಹಳೆಯದನ್ನು ಹಾಕಿದರು. ಪೆಟ್ಟಿಗೆ ಮಾರಿದವರಿಗೆ ನಾನು ಅವರ ಹೆಸರಿನಲ್ಲಿ ಪತ್ರದ ಮೇಲೆ ಪತ್ರ ಟೈಪ್ ಮಾಡಿದೆ. ನಮ್ಮ ಪೆಟ್ಟಿಗೆಯಲ್ಲಿ ದೋಷವಿಲ್ಲ ಎಂದು ಉತ್ತರ ಬಂತು.

ಹಾಲಿನಲ್ಲಿ ಜನ ಒಬ್ಬರನ್ನೊಬ್ಬರು ನಂಬದಂತಾದರು. ನನ್ನ ಫೈಲ್ ಮುಟ್ಟಿದ್ದು ಯಾರು ಎಂಬ ಜಗಳ ದಿನಕ್ಕೊಂದು. ಸರ್ ಊಟ ಬಿಟ್ಟರು. ಒಂದು ದಿನ ಪೆಟ್ಟಿಗೆಯ ತಗಡಿನ ಮೇಲೆ ಹಣೆಯಿಟ್ಟು ನಿಂತಿದ್ದರು. ನಾನು ಬಂದದ್ದು ಗೊತ್ತಾಗಿ ನೆಟ್ಟಗಾದರು. "ನಾನು ನೋಡ್ಬೇಕಾದ್ದು ಎಲ್ಲೋ ಇದೆ ಮೇಡಂ. ನಂಗೆ ಕಾಣ್ತಿಲ್ಲ ಅಷ್ಟೇ. ಎದುರಿಗೇ ಇರತ್ತೆ ಅದು," ಎಂದರು.

ಅಷ್ಟರಲ್ಲಿ ಗರುಡಾಚಾರ್‌ಪಾಳ್ಯದಿಂದ ಸುದ್ದಿ ಬಂತು. ನಮ್ಮ ಡ್ರಾಯಿಂಗ್ ನೋಡಿ ಯಂತ್ರ ಮಾಡುವ ವರ್ಕ್‌ಶಾಪ್ ಅಲ್ಲಿತ್ತು. ಭಾರ ಎತ್ತುವ ಒಂದು ಚೌಕಟ್ಟಿಗೆ ಪಿನ್ ಹಾಕುವ ತೂತನ್ನು ತಪ್ಪು ಜಾಗದಲ್ಲಿ ಕೊರೆದಿದ್ದರು. ಪರೀಕ್ಷೆಗೆಂದು ಎತ್ತಿದಾಗ ಪಿನ್ ಕಿತ್ತು ಚೌಕಟ್ಟು ಜಾರಿ, ಫಿಟ್ಟರ್ ಒಬ್ಬನ ಕಾಲಿನ ಮೇಲೆ ಬಿತ್ತು. ಹಿಮ್ಮಡಿ ಜಜ್ಜಿ ಹೋಯಿತು. ಹೆಸರು ಶರಣಪ್ಪ, ಯಾದಗಿರಿ ಕಡೆಯವನು.

ಆ ಚೌಕಟ್ಟಿನ ಡ್ರಾಯಿಂಗ್ ಇಮ್ತಿಯಾಜ್ ಭಾಯಿಯದ್ದು. ತೂತಿನ ಜಾಗ ಬದಲಿಸಬೇಕು ಎಂದು ಅವರಿಗೆ ಮೊದಲೇ ಹೇಳಲಾಗಿತ್ತು. ಪೆಟ್ಟಿಗೆಯಲ್ಲಿದ್ದ ಡ್ರಾಯಿಂಗಿನಲ್ಲಿ ಅದು ಬದಲಾಗಿರಲಿಲ್ಲ. ಮಾಲೀಕರು ಅವರನ್ನು ಕರೆಸಿ ಎಲ್ಲರ ಎದುರಿಗೇ ನಿಲ್ಲಿಸಿದರು.

"ನಾನು ಚೇಂಜ್ ಮಾಡ್ದೆ ಸಾರ್. ನಾನೇ ಕೈಯಾರೆ ಮಾಡ್ದೆ, ಸೇವ್ ಮಾಡಿ ಇಟ್ಟೆ," ಎಂದರು ಭಾಯಿ.

"ಮಾಡಿದ್ರೆ ಎಲ್ಲಿ ಹೋಯ್ತು? ಒಬ್ಬನ ಕಾಲು ಹೋಗಿದೆ ರೀ. ಪೊಲೀಸ್ನೋರು ಕೇಳಿದ್ರೆ ನಾನೇನು ಹೇಳ್ಲಿ, ಕಂಪ್ಯೂಟರ್ ತಿಂದ್ಬಿಡ್ತು ಅಂತಾನಾ?"

ನಾಳೆಯಿಂದ ಬರಬೇಡಿ ಎಂದು ಹೇಳಿ ಮಾಲೀಕರು ಒಳಗೆ ಹೋದರು. ಸರ್ವರ್ ರೂಮಿನ ಬಾಗಿಲಲ್ಲಿ ಸರ್ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅವರು ಬಾಗಿಲು ಹಾಕಿಕೊಂಡು ನನ್ನನ್ನು ಕೂರಿಸಿದರು. "ಕೆಲಸ ಮಾಯ ಆದ ದಿನಗಳೆಲ್ಲ ನೆನಪಿದ್ಯಾ? ಅದಕ್ಕೆ ಮುಂಚೆ ಏನಾಗಿತ್ತು, ಪ್ರತಿ ಸಲ?"

ನಾನು ಯೋಚಿಸಿದೆ. ಟೈಪ್ ಮಾಡುವವಳಿಗೆ ಒಂದು ವಿಷಯ ಮರೆಯುವುದಿಲ್ಲ. "ಕರೆಂಟ್ ಹೋಗಿತ್ತು ಸರ್. ಪ್ರತಿ ಸಲ ಹಿಂದಿನ ದಿನ ಕರೆಂಟ್ ಹೋಗಿ, ಬ್ಯಾಟರಿ ಮುಗ್ದು, ಎಲ್ಲ ಆಫ್ ಆಗಿತ್ತು. ನಂಗೆ ಪತ್ರ ಎರಡೆರಡು ಸಲ ಟೈಪ್ ಮಾಡ್ಬೇಕಾಯ್ತು."

"ಹಂಗಾದ್ರೆ ಏಳುವಾಗ ಏನೋ ಆಗತ್ತೆ," ಎಂದು ಅವರು ಎದ್ದು ನಿಂತರು. "ಪೆಟ್ಟಿಗೆ ಆಫ್ ಆಗಿ ಆನ್ ಆದಾಗ ಸರ್ವಿಸ್‌ಗಳು ಒಂದಾದ ಮೇಲೊಂದು ಏಳ್ತವೆ. ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟಿದೀನಿ. ಬಾಗಿಲ ನಂಬರ್ ಅನ್ಕೊಳ್ಳಿ. ಎರಡು ಸರ್ವಿಸ್‌ಗೆ ಒಂದೇ ಬಾಗಿಲಾದ್ರೆ, ಮೊದಲು ಎದ್ದಿದ್ದು ಒಳಗೆ ಕೂತ್ಕೊಳತ್ತೆ, ಎರಡನೇದು ಹೊರಗೇ ಸಾಯತ್ತೆ. ಸುಮ್ನೆ ಆನ್ ಮಾಡಿದ್ರೆ ಚಿಲಕದ ಸರ್ವಿಸ್ ಮೊದಲು ಏಳತ್ತೆ. ಕರೆಂಟ್ ಹೋಗಿ ಬಂದ್ರೆ ಡಿಸ್ಕ್ ಚೆಕ್ ಆಗ್ಬೇಕು, ಅದಕ್ಕೆ ಚಿಲಕದ್ದು ಏಳೋದು ತಡ ಆಗತ್ತೆ. ಆಗ ಬೇರೆ ಯಾವುದೋ ಮೊದಲು ಏಳತ್ತೆ. ಆದ್ರೆ ಎರಡಕ್ಕೂ ಒಂದೇ ನಂಬರ್ ನಾನು ಕೊಟ್ಟಿಲ್ವಲ್ಲ."

ತಾವೇ ಹಾಕಿದ್ದೆಂದು ಅದುವರೆಗೆ ನನ್ನಿಂದ ಓದಿಸದಿದ್ದ ನಂಬರುಗಳ ಪುಟವನ್ನು ಪರದೆಗೆ ತಂದರು. ನಾನು ಓದಿದೆ. ಚಿಲಕದ ಸರ್ವಿಸಿನ ನಂಬರಿನ ಕೊನೆಯಲ್ಲಿ ಮೂರು.

"ಎಂಟು," ಎಂದರು ಸರ್.

"ಮೂರು ಸರ್."

"ಕೊನೇದು ಎಂಟು ಮೇಡಂ. ನಾನೇ ಹಾಕಿದ್ದು. ಸರಿಯಾಗಿ ನೋಡಿ."

ನಾನು ಪರದೆಯ ಹತ್ತಿರ ಮುಖ ಒಯ್ದು ನೋಡಿದೆ. ಮೂರು. ಬ್ಯಾಕಪ್ ತೆಗೆಯುವ ಸರ್ವಿಸಿನ ನಂಬರ್ ಓದಲು ಹೇಳಿದರು. ಓದಿದೆ. ಅದೂ ಅದೇ ನಂಬರು, ಕೊನೆಗೆ ಮೂರು.

ಸರ್ ಮೂಗು ತಾಗುವಷ್ಟು ಪರದೆಗೆ ಅಂಟಿಕೊಂಡು, ತಲೆಯನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ನೋಡಿದರು. ಬೆರಳಿನಿಂದ ಗಾಜನ್ನು ಒರೆಸಿದರು. ಮತ್ತೆ ನೋಡಿದರು. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ನಂಬರ್ ಹಾಕಿದ ದಿನ ಒತ್ತಿದ್ದು ಮೂರು, ಪರದೆಯ ಮೇಲೆ ನೋಡಿ ಸರಿಯಾಗಿದೆ ಎಂದುಕೊಂಡದ್ದು ಎಂಟು.

"ಈಗ ಒಂದು ಕೀ ಒತ್ತಿ ಎಂಟು ಮಾಡಿದ್ರೆ ಮುಗೀತು," ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. "ನಾಳೆಯಿಂದ ಎಲ್ಲ ಸರಿ ಹೋಗತ್ತೆ. ಯಾರಿಗೂ ಏನೂ ಗೊತ್ತಾಗಲ್ಲ. ಇಮ್ತಿಯಾಜ್ ಮನೆಗೆ ಹೋಗ್ತಾನೆ, ನಾನು ಇಲ್ಲೇ ಇರ್ತೀನಿ."

ಏನು ಮಾಡಬೇಕೆಂದು ಹೇಳಬೇಕಾದವಳು ನಾನಲ್ಲ ಎಂದು ಆಗಲೂ ಅನಿಸಿತ್ತು. ಅವರು ಮೂರನ್ನು ಹಾಗೇ ಬಿಟ್ಟು, ಇನ್ನು ಯಾರ ಡ್ರಾಯಿಂಗೂ ಹಾಳಾಗದಂತೆ, ಬಗ್ಗಿ, ಕೈಯಾಡಿಸಿ, ಪೆಟ್ಟಿಗೆಯ ಹಿಂದಿನ ನೆಟ್‌ವರ್ಕ್ ಕೇಬಲ್ ಹುಡುಕಿ ಕಿತ್ತರು. ಹೊರಗಿನ ಹಾಲಿನಲ್ಲಿ ಒಮ್ಮೆಲೇ ಗಲಾಟೆ ಎದ್ದಿತು. ಸರ್ ರೂಮಿಗೆ ಬೀಗ ಹಾಕಿ, ಯಾರ ಕೂಗಿಗೂ ಓಗೊಡದೆ ಗೋಡೆಗೆ ಬೆರಳು ತಾಗಿಸಿಕೊಂಡು ಮೆಟ್ಟಿಲಿಳಿದು ಹೋದರು.

ಮರುದಿನ ಕಚೇರಿಯಲ್ಲಿ ಯಾರಿಗೂ ಕೆಲಸವಿಲ್ಲ. ಮಾಲೀಕರು ಸರ್ ಮನೆಗೆ ಫೋನ್ ಮಾಡಿಸಿದರು, ಯಾರೂ ಎತ್ತಲಿಲ್ಲ. ಇಮ್ತಿಯಾಜ್ ಭಾಯಿ ತಮ್ಮ ಸ್ಕೇಲು, ಪೆನ್ನು, ಟೀ ಲೋಟ ಕಟ್ಟಿಕೊಳ್ಳಲು ಬಂದಿದ್ದರು. ಅವರನ್ನು ತಡೆದು ಹೇಳಿಬಿಡಲೇ ಎಂದು ನಾನು ಎದ್ದು ನಿಲ್ಲುವುದು, ಕೂರುವುದು. ಅಷ್ಟರಲ್ಲಿ ಬಾಗಿಲಲ್ಲಿ ಸರ್ ಕಾಣಿಸಿಕೊಂಡರು. ಅವರ ಹೆಂಡತಿ ತೋಳು ಹಿಡಿದುಕೊಂಡಿದ್ದರು. ಅವರನ್ನು ಯಾರಾದರೂ ಕೈ ಹಿಡಿದು ನಡೆಸಿದ್ದನ್ನು ಆ ಹಾಲಿನಲ್ಲಿ ಯಾರೂ ಕಂಡಿರಲಿಲ್ಲ.

ಮಾಲೀಕರು ಹೊರಗೆ ಬಂದರು. ಸರ್ ಆ ಹೆಜ್ಜೆಯ ಸದ್ದಿನ ಕಡೆಗೆ ತಿರುಗಿದರು.

"ಇಮ್ತಿಯಾಜ್ ಡ್ರಾಯಿಂಗ್ ತಿದ್ದಿದ್ದ ಸಾರ್. ಸೇವ್ ಕೂಡ ಮಾಡಿದ್ದ. ಚಿಲಕ ಇರ್ಲಿಲ್ಲ, ಅವನದ್ದರ ಮೇಲೆ ಇನ್ನೊಬ್ರು ಹಳೇದನ್ನ ಸೇವ್ ಮಾಡಿದ್ರು. ಚಿಲಕ ಇಲ್ದಿರೋ ಹಾಗೆ ಮಾಡಿದ್ದು ನಾನು. ನಂಬರ್ ತಪ್ಪಾಗಿ ಹಾಕಿದೀನಿ. ನಂಗೆ ಕಣ್ಣು ಕಾಣಲ್ಲ."

"ಯಾವಾಗಿಂದ?"

"ಬಹಳ ದಿನ ಆಯ್ತು ಸಾರ್. ಪೆಟ್ಟಿಗೆ ಬರೋಕೆ ಮುಂಚಿನಿಂದ."

ಮಾಲೀಕರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ರೂಮಿನ ಕೀಗಾಗಿ ಕೈ ಚಾಚಿದರು. ಚಾಚಿದ ಕೈ ಸರ್‌ಗೆ ಕಾಣಲಿಲ್ಲ. ಅದು ಗಾಳಿಯಲ್ಲೇ ನಿಂತಿತ್ತು. ಅವರ ಹೆಂಡತಿ ಸರ್ ಜೇಬಿನಿಂದ ಕೀ ತೆಗೆದು ಕೊಟ್ಟರು.

"ಒಂದ್ಸಲ ಸರಿ ಮಾಡಿ ಹೋಗ್ತೀನಿ," ಎಂದು ಸರ್ ಕೇಳಿಕೊಂಡರು. ಮಾಲೀಕರು ಬಾಗಿಲು ತೆರೆದುಕೊಟ್ಟರು. ಒಳಗೆ ಸರ್ ಕೀಬೋರ್ಡ್ ಮುಟ್ಟಲಿಲ್ಲ. "ನೀವೇ ಒತ್ತಿ ಮೇಡಂ," ಎಂದರು. ನಾನು ಮೂರನ್ನು ಅಳಿಸಿ ಎಂಟು ಒತ್ತಿದೆ. ಕರೆಂಟ್ ಹೋದಂತೆ ಪೆಟ್ಟಿಗೆಯ ವೈರ್ ಕೀಳಿಸಿದರು, ಮತ್ತೆ ಹಾಕಿಸಿದರು. ಅದು ಎದ್ದು ಕೂತ ಮೇಲೆ ನಾನು ಪರದೆ ಓದಿದೆ. ಎರಡೂ ಸರ್ವಿಸ್‌ಗಳು ಎದ್ದಿದ್ದವು. ಇಷ್ಟು ದಿನ ಅವರು ಬೇಡಿಕೊಂಡದ್ದು ಇದನ್ನೇ. ಸರಿ ಎಂದು ತಲೆಯಾಡಿಸಿ ಹೊರಟರು.

ಇಮ್ತಿಯಾಜ್ ಭಾಯಿ ಥ್ಯಾಂಕ್ಸ್ ಹೇಳಲಿಲ್ಲ. ದಾರಿಗೆ ಅಡ್ಡ ನಿಂತು, "ಇತ್ತೇ ಸಾಲಾಂ ಹೋಗಯೇ, ಮೇರೆಕು ನೈ ಬೋಲೆ ತುಮೆ," ಎಂದರು. ಇಷ್ಟು ವರ್ಷವಾದರೂ ನನಗೆ ಹೇಳಲಿಲ್ಲವಲ್ಲ ನೀವು ಎಂದು. ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಮುಖ ತಿರುಗಿಸಿಕೊಂಡರು. ಅವರ ಕೆಲಸ ಉಳಿದಿತ್ತು. ಒಂದು ವರ್ಷ ಅವರು ಸರ್ ಹೆಸರೆತ್ತಲಿಲ್ಲ. ಆಮೇಲೊಂದು ಭಾನುವಾರ ಜಗಳ ಆಡಲೆಂದೇ ಜೀವನ್ ಬಿಮಾ ನಗರಕ್ಕೆ ಹೋದರಂತೆ. ಜಗಳ ಅಂದು ಮುಗಿಯದೆ ಮುಂದಿನ ಭಾನುವಾರವೂ ಹೋಗಬೇಕಾಯಿತು. ಅದು ಕೊನೆಯವರೆಗೂ ಮುಗಿಯಲಿಲ್ಲ.

ಕೆಲಸ ಬಿಟ್ಟ ವಾರವೇ ಸರ್ ನನಗೆ ಫೋನ್ ಮಾಡಿದ್ದರು. "ಶರಣಪ್ಪನ್ನ ನೋಡ್ಬೇಕು. ನೀವು ಆ ಕಡೆಯವರು, ಜೊತೆಗೆ ಬರ್ತೀರಾ?" ಹೋದೆವು. ಗರುಡಾಚಾರ್‌ಪಾಳ್ಯದ ಒಂದು ಓಣಿಯಲ್ಲಿ ಶೀಟಿನ ಬಾಡಿಗೆ ರೂಮು. ಶರಣಪ್ಪ ಗೋಡೆಗೆ ಒರಗಿ, ಬ್ಯಾಂಡೇಜ್ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ. ನನ್ನ ಮಾತು ಕೇಳಿ ಅವನ ಮುಖ ಅರಳಿತು. "ಅಕ್ಕಾರು ನಮ್ಮ ಕಡಿಯೋರೇನ್ರಿ? ಬರ್ರಿ, ಕುಂದರ್ರಿ," ಎಂದ. ಬಂದವರು ಯಾರು ಎಂದು ಹೇಳಿದ ಮೇಲೆ ಆ ಅರಳಿದ್ದು ಮುದುಡಿತು.

ಸರ್ ಚಾಪೆಯ ಮೇಲೆ ಕೂತು, ಆದದ್ದನ್ನೆಲ್ಲ ಬಿಡದೆ ಹೇಳಿದರು. ಶರಣಪ್ಪ ಕೊನೆಯವರೆಗೂ ಕೇಳಿಸಿಕೊಂಡ.

"ಕಣ್ಣ ಕಾಣಾಂಗಿಲ್ಲಂತ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕ ಮಾಡಿದ್ರಿ ಮತ್ತ?"

"ಹೆದರಿಕೆಗೆ," ಎಂದರು ಸರ್.

ಶರಣಪ್ಪ ತನ್ನ ಕಾಲನ್ನು ನೋಡುತ್ತ ಕೂತ. "ಹೋಗ್ರಿ ನೀವು," ಎಂದ ಮೆಲ್ಲಗೆ. "ಸಿಟ್ಟಿಲೆ ಹೇಳಾಕತ್ತಿಲ್ರಿ. ನಿಮ್ಮನ್ನ ನೋಡಿದ್ರ ಇದು ಭಾಳ ನೋವಾಗತದ."

ಆಮೇಲಿನ ವರ್ಷಗಳಲ್ಲಿ ಸರ್ ಮನೆ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಓರೆಯಲ್ಲಿ ಕಾಣುತ್ತಿದ್ದದ್ದೂ ಹೋಯಿತು. ಮಾತಾಡುವ ಕಂಪ್ಯೂಟರ್ ಬಂದಿದೆ, ಕಲಿತರೆ ಕೆಲಸ ಮಾಡಬಹುದು ಎಂದು ಯಾರೋ ಹೇಳಿದರೆ ಮಾತು ತಿರುಗಿಸುತ್ತಿದ್ದರು. ನಾನು ಹೋದಾಗಲೆಲ್ಲ ಅವರ ಹೆಂಡತಿ ಅಡಿಗೆ ಮನೆಗೆ ಕರೆದು, "ಗೋಡೆ ಜೊತೆ ಬಾಳ್ತಿದೀನಿ ಕಣಮ್ಮಾ. ಬೈದಾದ್ರೂ ಬೈಯಲಿ, ಅದೂ ಇಲ್ಲ," ಎನ್ನುತ್ತಿದ್ದರು. ಸರ್ ನನ್ನನ್ನು ಕೇಳುತ್ತಿದ್ದದ್ದು ಒಂದೇ. ಶರಣಪ್ಪ ಎಲ್ಲಿದ್ದಾನೆ?

ಅವನ ಸುದ್ದಿ ನಮ್ಮ ಕಡೆಯ ಜನರಿಂದ ನನಗೆ ಸಿಗುತ್ತಿತ್ತು. ಊರಿಗೆ ಹೋಗಿದ್ದ, ತಿರುಗಿ ಬಂದಿದ್ದ. ಫಿಟ್ಟರ್ ಕೆಲಸ ಅವನಿಂದ ಆಗಲಿಲ್ಲ. ಮಾರತ್ತಹಳ್ಳಿಯಲ್ಲಿ ರಿಂಗ್ ರೋಡಿನ ಒಂದು ಆಫೀಸಿನ ಗೇಟಿನಲ್ಲಿ ಸೆಕ್ಯುರಿಟಿ ಆಗಿದ್ದಾನೆ ಎಂದು ತಿಳಿದಾಗ ಸರ್‌ಗೆ ಹೇಳಿದೆ. ಕರೆದುಕೊಂಡು ಹೋಗಿ ಎಂದರು. ಬೇಡ ಸರ್ ಎಂದೆ. "ಬೈಸ್ಕೊಳ್ಳೋಕಾದ್ರೂ ಹೋಗ್ಬೇಕು," ಎಂದು ಚಪ್ಪಲಿ ಹುಡುಕತೊಡಗಿದರು.

ಶರಣಪ್ಪ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನೀಲಿ ಯೂನಿಫಾರ್ಮ್ ಅವನಿಗೆ ದೊಡ್ಡದಾಗಿತ್ತು. ನಮ್ಮನ್ನು ದೂರದಿಂದಲೇ ಗುರುತಿಸಿದ. ಸರ್ ಕೈಯಲ್ಲಿದ್ದ ಬಿಳಿ ಕೋಲನ್ನೂ ನೋಡಿದ.

"ಪೂರಾ ಹೋತೇನ್ರಿ?" ಎಂದು ಕೇಳಿದ.

"ಪೂರಾ," ಎಂದರು ಸರ್.

"ನಾ ಏನೂ ಮರ್ತಿಲ್ಲ ನೋಡ್ರಿ."

"ಮರೀರಿ ಅಂತ ಕೇಳೋಕೆ ಬಂದಿಲ್ಲಪ್ಪ."

"ಮತ್ಯಾಕ ಬಂದ್ರಿ?"

ಅಷ್ಟರಲ್ಲಿ ಒಂದು ಕಾರು ಬಂತು. ಶರಣಪ್ಪ ಎದ್ದು ಗೇಟ್ ತೆರೆದು, ಸಲಾಮು ಹೊಡೆದು, ಮುಚ್ಚಿ ಬಂದು ಕೂತ. ನಮಗೆ ಇನ್ನು ನಿಲ್ಲಲು ಯಾವ ನೆಪವೂ ಇರಲಿಲ್ಲ. ಬರ್ತೀವಿ ಎಂದು ಹೇಳಿ ಹೊರಟೆವು.

ನಮ್ಮ ಬಸ್ ಸ್ಟಾಪು ರಿಂಗ್ ರೋಡಿನ ಆಚೆ ಬದಿಗೆ. ಲಾರಿ, ಬಸ್ಸು, ಕಂಪನಿ ಕ್ಯಾಬು ಒಂದರ ಹಿಂದೊಂದು ನುಗ್ಗುತ್ತಿದ್ದವು. ನಾನು ಸರ್ ಕೈ ಹಿಡಿದು ಒಂದು ಹೆಜ್ಜೆ ಇಡುವುದು, ಹಿಂದೆ ಬರುವುದು ಮಾಡುತ್ತಿದ್ದೆ. ಎಷ್ಟು ಹೊತ್ತಾದರೂ ದಾಟಲು ಆಗಲಿಲ್ಲ. ಹಿಂದಿನಿಂದ ಸೀಟಿಯ ಸದ್ದು ಕೇಳಿಸಿತು. ಶರಣಪ್ಪ ಗೇಟು ಬಿಟ್ಟು ಬಂದಿದ್ದ. ನನ್ನ ಕೈಯಿಂದ ಸರ್ ತೋಳನ್ನು ಬಿಡಿಸಿ ತಾನು ಹಿಡಿದ. ಇನ್ನೊಂದು ಕೈ ಎತ್ತಿ, ಸೀಟಿ ಊದುತ್ತ, ಓಡಿ ಬರುತ್ತಿದ್ದ ಗಾಡಿಗಳ ಮುಂದೆ ಇಳಿದ. ಗಾಡಿಗಳು ಕಿರುಚಿ ನಿಂತವು. ಅವನು ಅವಸರ ಮಾಡಲಿಲ್ಲ. ಮಾಡಲೂ ಅವನ ಕಾಲಿಗೆ ಆಗುತ್ತಿರಲಿಲ್ಲ. ಇಬ್ಬರೂ ನಿಧಾನವಾಗಿ ಆಚೆ ಬದಿ ತಲುಪಿದರು, ಅವರ ಹಿಂದೆಯೇ ನಾನು. ಸರ್ ತೋಳು ಬಿಟ್ಟು, ಮತ್ತೆ ಸೀಟಿ ಊದಿಕೊಂಡು ಶರಣಪ್ಪ ತನ್ನ ಗೇಟಿಗೆ ವಾಪಸು ಹೋದ.

ಸರ್ ಅವನು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ನಮ್ಮ ಬಸ್ಸು ಬಂದು ಹೋಯಿತು, ಅವರು ಅಲುಗಲಿಲ್ಲ.

"ಅವನು ಕಾಲು ಎಳೀತಾನಲ್ಲ ಮೇಡಂ," ಎಂದರು ಕೊನೆಗೆ, "ಆ ಸದ್ದು ಇಷ್ಟು ದೊಡ್ಡ ರಸ್ತೆ ಉದ್ದಕ್ಕೂ ನನ್ನ ಪಕ್ಕದಲ್ಲೇ ಬಂತು. ಒಂದು ಹೆಜ್ಜೇನೂ ಬಿಡ್ಲಿಲ್ಲ."